ಶ್ಕೊಬ್ಬಾ: ಟ್ಯುನೀಷಿಯಾದವರ ಈ ಇಸ್ಪೀಟಾಟ ಯಾರದು?

ಕಡಲಂಚು
ಎಲ್ಲರಿಗೂ ನಮಸ್ಕಾರ. ನಾನು ಹೊನ್ನಾವರದವನು. ಒಂದೂವರೆ ವರ್ಷದಿಂದ ಟ್ಯುನೀಷಿಯಾದ ಸ್ಫಾಕ್ಸ್ ನಗರದ ಹತ್ತಿರ ರಸಗೊಬ್ಬರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೇನೆ. ಇಲ್ಲಿ ಸಂಜೆಯಾಯಿತೆಂದರೆ ಕಾಫಿ ಅಂಗಡಿಗಳು ತುಂಬಿಹೋಗುತ್ತವೆ, ಮತ್ತು ಒಳಗೆ ಕಾಲಿಡುವ ಮೊದಲೇ ಎಲೆಯನ್ನು ಮೇಜಿಗೆ ಬಡಿಯುವ ಸದ್ದು ಕಿವಿಗೆ ಬೀಳುತ್ತದೆ. ಆ ಆಟದ ಹೆಸರು ಶ್ಕೊಬ್ಬಾ. ರಂಜಾನ್ ತಿಂಗಳಿನಲ್ಲಂತೂ ಉಪವಾಸ ಮುರಿದ ಮೇಲೆ ಕುಳಿತವರು ನಡುರಾತ್ರಿ ದಾಟಿದರೂ ಏಳುವುದಿಲ್ಲ.

ಆಟವನ್ನು ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ನಮ್ಮಲ್ಲಿರುವಂಥದೇ ಇಸ್ಪೀಟಿನ ಕಟ್ಟಿನಿಂದ ಎಂಟು, ಒಂಬತ್ತು, ಹತ್ತುಗಳನ್ನು ತೆಗೆದಿಟ್ಟರೆ 40 ಎಲೆಗಳು ಉಳಿಯುತ್ತವೆ. ನಾಲ್ಕನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಆಟಗಾರರಿಗೆ ಮೂರು ಮೂರು ಹಂಚುತ್ತಾರೆ. ಕೈಯಲ್ಲಿರುವ ಎಲೆಗೆ ಸಮನಾದ ಎಲೆಯೊಂದನ್ನು, ಅಥವಾ ಕೂಡಿದರೆ ಅಷ್ಟೇ ಆಗುವ ಹಲವು ಎಲೆಗಳನ್ನು ಎತ್ತಿಕೊಳ್ಳಬಹುದು. ಒಂದೇ ಏಟಿಗೆ ಮೇಜು ಬರಿದಾದರೆ ಅದೇ ಶ್ಕೊಬ್ಬಾ, ಅದಕ್ಕೊಂದು ಅಂಕ.

ಈಗ ನನ್ನ ಪ್ರಶ್ನೆ. ಹೋದ ವಾರ ನನ್ನ ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರೊಂದಿಗೆ ಆಡುತ್ತಿದ್ದಾಗ, ಎಲ್ಲೋ ಓದಿದ ನೆನಪಿನಿಂದ, “ಇದು ಇಟಲಿಯ ಸ್ಕೋಪಾ ಆಟವೇ ಅಲ್ಲವೇ?” ಎಂದುಬಿಟ್ಟೆ. ಅವರು ಕೈಯಲ್ಲಿದ್ದ ಎಲೆಗಳನ್ನು ಮೆಲ್ಲಗೆ ಮೇಜಿನ ಮೇಲೆ ಕವುಚಿಟ್ಟರು. “ನನ್ನ ಅಜ್ಜ ಇಟಲಿಯನ್ನು ಕಣ್ಣಿನಿಂದ ಕಂಡವನಲ್ಲ, ನನಗೆ ಇದನ್ನು ಕಲಿಸಿದವನು ಅವನು” ಎಂದಷ್ಟೇ ಹೇಳಿ ಮತ್ತೆ ಆಟಕ್ಕೆ ತೊಡಗಿದರು. ಅವರ ಮನಸ್ಸನ್ನು ನೋಯಿಸಿದೆನೆಂಬ ಕೊರಗು ನನಗಿನ್ನೂ ಹೋಗಿಲ್ಲ. ಈ ಆಟವನ್ನು ಟ್ಯುನೀಷಿಯಾದ ಸಾಂಪ್ರದಾಯಿಕ ಆಟವೆಂದು ಕರೆಯುವುದು ಸರಿಯೇ? ಬಲ್ಲವರು ತಿಳಿಸಬೇಕು.

ಮೂರನೆಯ ಮನೆ
ಹೆಸರೇ ಸಾಕ್ಷಿ ಹೇಳುತ್ತಿದೆ. ಇಟಾಲಿಯನ್ ಭಾಷೆಯಲ್ಲಿ ಸ್ಕೋಪಾ ಎಂದರೆ ಪೊರಕೆ. ಮೇಜನ್ನು ಗುಡಿಸಿದಂತೆ ಎಲೆಗಳನ್ನೆಲ್ಲ ಬಾಚಿಕೊಳ್ಳುವುದರಿಂದ ಆ ಹೆಸರು ಬಂದಿದೆ. ಅರಬ್ಬಿಯಲ್ಲಿ ‘ಪ’ಕಾರವಿಲ್ಲದ್ದರಿಂದ ಅದು ‘ಬ’ ಆಯಿತು, ಅಷ್ಟೇ. ತಮ್ಮ ಹಿರಿಯ ಮಿತ್ರರಿಗೆ ಬೇಸರವಾಗಿರಬಹುದು, ಆದರೆ ಇತಿಹಾಸ ಯಾರ ಬೇಸರವನ್ನೂ ಕೇಳಿ ನಡೆಯುವುದಿಲ್ಲ.

ತುರುಫು ಇಪ್ಪತ್ತೆಂಟು
ಸ್ಪೇನಿನಲ್ಲಿಯೂ ಎಸ್ಕೋಬಾ ಎಂಬ ಆಟವಿದೆ, ಅದರ ಅರ್ಥವೂ ಪೊರಕೆಯೇ. ‘ಬ’ಕಾರ ಅಲ್ಲಿ ಮೊದಲಿನಿಂದಲೇ ಇದೆ. ಹಾಗಾದರೆ ಸ್ಪೇನಿನಿಂದಲೇ ಬಂದಿರಬಾರದೇಕೆ?

ಪಲೆರ್ಮೊದಿಂದ
ನಾನು ನಾಲ್ಕು ವರ್ಷಗಳಿಂದ ಸಿಸಿಲಿಯಲ್ಲಿದ್ದೇನೆ, ಸ್ಕೋಪಾವನ್ನು ಇಲ್ಲಿಯ ನೆರೆಹೊರೆಯವರಿಂದಲೇ ಕಲಿತೆ. ಸ್ಪೇನಿನ ಎಸ್ಕೋಬಾದಲ್ಲಿ ಕೈಯೆಲೆಯೂ ಮೇಜಿನ ಎಲೆಗಳೂ ಸೇರಿ 15 ಆಗಬೇಕು. ಕಡಲಂಚು ಅವರು ವಿವರಿಸಿದ ಆಟದಲ್ಲಿ ಹಾಗಿಲ್ಲ, ಕೈಯೆಲೆಯ ಬೆಲೆಗೆ ಮೇಜಿನ ಎಲೆಗಳು ಸಮನಾದರೆ ಸಾಕು, ಮತ್ತು ಇದು ಇಟಲಿಯ ಪದ್ಧತಿ. ಇನ್ನು ಮೊದಲಿನ ‘ಶ್’ ಎಂಬ ಉಚ್ಚಾರ. ನೇಪಲ್ಸ್ ಕಡೆಯವರ ಬಾಯಲ್ಲಿ ‘ಸ್ಕೋಪಾ’ ಎಂಬುದು ‘ಶ್ಕೋಪಾ’ ಎಂದೇ ಕೇಳಿಸುತ್ತದೆ. ಪುಸ್ತಕದ ಇಟಾಲಿಯನ್‌ನಿಂದ ಬಂದ ಪದ ಇದಾಗಿರಲಾರದು. ದಕ್ಷಿಣ ಇಟಲಿಯ ಮೀನುಗಾರರು, ಕೂಲಿಗಳು, ಗಾರೆ ಕೆಲಸದವರು ಆಡುತ್ತಿದ್ದ ಮಾತಿನಿಂದ ಬಂದಿರಬೇಕೆಂದು ನನ್ನ ಅನಿಸಿಕೆ.

ಕಡಲಂಚು ಅವರಿಗೆ ಒಂದು ಪ್ರಶ್ನೆ: ಅಲ್ಲಿ ರಾಜ, ರಾಣಿ, ಗುಲಾಮರ ಬೆಲೆ ಎಷ್ಟು? ದಯವಿಟ್ಟು ಸರಿಯಾಗಿ ನೋಡಿ ಹೇಳಿ. ನನ್ನ ಪಾಲಿಗೆ ಎಲ್ಲವೂ ಅದರ ಮೇಲೆ ನಿಂತಿದೆ.

ಕಡಲಂಚು
ರಾಣಿಗೆ ಎಂಟು, ಗುಲಾಮನಿಗೆ ಒಂಬತ್ತು, ರಾಜನಿಗೆ ಹತ್ತು. ಗುಲಾಮನಿಗಿಂತ ರಾಣಿ ಕೆಳಗೆ ಎಂಬುದು ನನಗೆ ಬಹಳ ದಿನ ತಲೆಗೆ ಹತ್ತಲೇ ಇಲ್ಲ, ಅದರಿಂದ ಒಂದು ಆಟವನ್ನೂ ಕಳೆದುಕೊಂಡೆ. ಮೇಜಿನ ಮೇಲೆ ಒಂದು ಎಕ್ಕ, ಒಂದು ಎರಡು ಮಾತ್ರ ಉಳಿದಿದ್ದವು. ನನ್ನ ಕೈಯಲ್ಲಿ ಐದು, ಆರು ಮತ್ತು ರಾಜ ಇದ್ದುದರಿಂದ ಎತ್ತಿಕೊಳ್ಳಲು ಏನೂ ಇರಲಿಲ್ಲ, ಒಂದನ್ನು ಇಳಿಸಲೇಬೇಕಿತ್ತು. ಸಣ್ಣ ಎಲೆ ಹೋದರೆ ನಷ್ಟವೂ ಸಣ್ಣದು ಎಂದೆಣಿಸಿ ಐದನ್ನು ಇಳಿಸಿದೆ. ಎದುರಿಗೆ ಕುಳಿತಿದ್ದ ಅದೇ ಹಿರಿಯರು ಅರೆಗಳಿಗೆ ನನ್ನ ಮುಖ ನೋಡಿದರು, ಆಮೇಲೆ ರಾಣಿಯನ್ನು ತಲೆಯ ಎತ್ತರಕ್ಕೆ ಎತ್ತಿ, ಕಾಫಿ ಲೋಟ ಅದುರುವಂತೆ ಮೇಜಿಗೆ ಬಡಿದು “ಶ್ಕೊಬ್ಬಾ!” ಎಂದರು.

ರಾಣಿಯನ್ನು ಇಲ್ಲಿ ‘ಮುಜೀರಾ’, ಗುಲಾಮನನ್ನು ‘ಕವಾಲ್’, ರಾಜನನ್ನು ‘ರೈ’ ಎನ್ನುತ್ತಾರೆ.

ಲೆಕ್ಕದ ಮೇಷ್ಟ್ರು
ತಾವು ರಾಜನನ್ನು ಇಳಿಸಬೇಕಿತ್ತು. ಎಕ್ಕ, ಎರಡು ಮತ್ತು ಹತ್ತು ಸೇರಿ 13 ಆಗುತ್ತದೆ, 13 ಬೆಲೆಯ ಎಲೆ ಕಟ್ಟಿನಲ್ಲೇ ಇಲ್ಲ. ಮೇಜಿನ ಮೊತ್ತ ಹತ್ತನ್ನು ದಾಟಿತೆಂದರೆ ಯಾರೂ ಒಂದೇ ಏಟಿಗೆ ಗುಡಿಸಲಾರರು. ಐದಿಟ್ಟಾಗ ಮೊತ್ತ ಎಂಟಾಗಿ ರಾಣಿಗೆ ಸಿಕ್ಕಿತು, ಆರಿಟ್ಟಿದ್ದರೆ ಒಂಬತ್ತಾಗಿ ಗುಲಾಮನಿಗೆ ಸಿಗುತ್ತಿತ್ತು. ಹಾಗೆಂದು ಕಣ್ಣು ಮುಚ್ಚಿಕೊಂಡು ದೊಡ್ಡ ಎಲೆಯನ್ನೇ ಇಳಿಸುವುದೂ ತಪ್ಪು. ಮೂರು ರಾಣಿಯರು ಆಗಲೇ ಹೋಗಿದ್ದರೆ ಆ ಐದು ಅಷ್ಟೇನೂ ಅಪಾಯದ್ದಾಗಿರುತ್ತಿರಲಿಲ್ಲ. ಇಬ್ಬರ ಆಟದಲ್ಲಿ ಮೇಜಿನ ನಾಲ್ಕನ್ನು ಬಿಟ್ಟರೆ 36 ಎಲೆಗಳನ್ನು ಆರು ಸುತ್ತುಗಳಲ್ಲಿ ಹಂಚಬೇಕು, ಹೀಗಾಗಿ ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ಎದುರಾಳಿಯ ಕೈಯಲ್ಲಿರುವ ಮೂರೂ ಎಲೆಗಳು ಯಾವುವೆಂದು ನೆನಪಿನ ಶಕ್ತಿ ಇರುವವನು ಹೇಳಿಬಿಡಬಲ್ಲ. ಇದನ್ನು ಅದೃಷ್ಟದ ಆಟ ಎನ್ನುವವರು ಕೊನೆಯ ಸುತ್ತನ್ನು ಸರಿಯಾಗಿ ನೋಡಿದವರಲ್ಲ.

ಪಲೆರ್ಮೊದಿಂದ
ಕಡಲಂಚು ಅವರೇ, ನಾನು ಕಾಯುತ್ತಿದ್ದ ಉತ್ತರವನ್ನೇ ಕೊಟ್ಟಿರಿ. ಸಿಸಿಲಿಯ ಕಟ್ಟಿನಲ್ಲಿ ಚಿತ್ರದ ಎಲೆಗಳು ಮೂರು: ಎಂಟರ ಬೆಲೆಯ ಕಾಲಾಳು, ಒಂಬತ್ತರ ಬೆಲೆಯ ಕುದುರೆ ಸವಾರ, ಹತ್ತರ ಬೆಲೆಯ ರಾಜ. ಆ ಕಾಲಾಳಿನ ಚಿತ್ರ ಹೆಣ್ಣಿನಂತೆ ಕಾಣುವುದರಿಂದ ಇಲ್ಲಿಯ ಜನ ಅದನ್ನು ‘ದೊನ್ನಾ’, ಎಂದರೆ ಹೆಂಗಸು, ಎಂದೇ ಕರೆಯುತ್ತಾರೆ. ಈಗ ಟ್ಯುನೀಷಿಯಾದ ಹೆಸರುಗಳನ್ನು ಪಕ್ಕದಲ್ಲಿಟ್ಟು ನೋಡಿ. ‘ಕವಾಲ್’ ಎಂಬುದು ‘ಕವಾಲ್ಲೊ’, ಕುದುರೆ. ಫ್ರೆಂಚ್ ಮಾದರಿಯ ಕಟ್ಟಿನಲ್ಲಿ, ಅಂದರೆ ನಮ್ಮಲ್ಲಿಯೂ ಟ್ಯುನೀಷಿಯಾದಲ್ಲಿಯೂ ಬಳಸುವ ಇಸ್ಪೀಟಿನಲ್ಲಿ, ಕುದುರೆ ಸವಾರನೇ ಇಲ್ಲ, ಆದ್ದರಿಂದ ಅವನ ಹೆಸರೂ ಒಂಬತ್ತರ ಬೆಲೆಯೂ ಗುಲಾಮನಿಗೆ ಹೋದವು, ಎಂಟರ ಬೆಲೆ ಹೆಂಗಸಿನದಾಗಿದ್ದುದರಿಂದ ರಾಣಿಗೆ ಬಂತು. ಫ್ರೆಂಚ್ ಎಲೆಗಳಲ್ಲಿ ಸ್ಕೋಪಾ ಆಡುವ ಉತ್ತರ ಇಟಲಿಯವರು ಗುಲಾಮನಿಗೆ ಎಂಟು, ರಾಣಿಗೆ ಒಂಬತ್ತು ಎಂದು ಎಣಿಸುತ್ತಾರೆ. ಟ್ಯುನೀಷಿಯಾದ ಎಣಿಕೆ ಅದಕ್ಕೆ ತಿರುಗುಮುರುಗಾಗಿದೆ. ಅಂದರೆ ಕೈಗೆ ಬಂದ ಎಲೆಗಳು ಫ್ರಾನ್ಸಿನವು, ಕಣ್ಣಿಗೆ ಕಟ್ಟಿದ್ದ ಎಲೆಗಳು ಸಿಸಿಲಿಯವು.

ಮೂರನೆಯ ಮನೆ
ನನ್ನ ವಾದಕ್ಕೇ ಬಲ ತುಂಬಿದ್ದೀರಿ, ಧನ್ಯವಾದ. ಆಟವೂ ಇಟಲಿಯದು, ಹೆಸರುಗಳೂ ಇಟಲಿಯವು. ಇದರಲ್ಲಿ ಟ್ಯುನೀಷಿಯಾದ್ದು ಏನಿದೆ?

ಶರಾವತಿ
‘ಮುಜೀರಾ’ ಸ್ಪ್ಯಾನಿಷಿನ ಹೆಂಗಸು ಎಂಬರ್ಥದ ಪದದಂತೆಯೂ ಕೇಳಿಸುತ್ತದೆ, ಅದನ್ನು ಇಟಲಿಯ ಖಾತೆಗೆ ಇಷ್ಟು ಬೇಗ ಬರೆಯಬೇಡಿ.

ಪಲೆರ್ಮೊದಿಂದ
ಒಪ್ಪಿದೆ. ದಕ್ಷಿಣ ಇಟಲಿಯ ಆಡುಮಾತಿನಲ್ಲಿ ಹೆಂಡತಿಗೆ ‘ಮುಲ್ಯೇರಾ’ ಎನ್ನುತ್ತಾರೆ, ಎರಡೂ ಒಂದೇ ಲ್ಯಾಟಿನ್ ಬೇರಿನವು. ಆ ಒಂದು ಪದದ ಮಟ್ಟಿಗೆ ನನ್ನದು ಊಹೆ ಮಾತ್ರ.

ಹಳೆಯ ಓಲೆ
‘ಮೂರನೆಯ ಮನೆ’ಯವರ ಪ್ರಶ್ನೆಗೆ ಉತ್ತರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ, ದಯವಿಟ್ಟು ತಾಳ್ಮೆಯಿಂದ ಓದಿ.

ಟ್ಯುನೀಷಿಯಾದಲ್ಲಿ ಇಟಲಿಯವರ ನೆಲೆ ಹಳೆಯದು. ಹದಿನೇಳನೆಯ ಶತಮಾನದಿಂದಲೇ ಲಿವೊರ್ನೊ ಬಂದರಿನ ಯಹೂದಿ ವ್ಯಾಪಾರಿಗಳು ಟ್ಯುನಿಸ್ ನಗರದಲ್ಲಿ ನೆಲೆ ಊರಿದ್ದರು, ಅವರನ್ನು ಅಲ್ಲಿ ಗ್ರಾನಾ ಎಂದು ಕರೆಯುತ್ತಿದ್ದರು. ಅದಕ್ಕೂ ಮೊದಲು ತಬರ್ಕಾ ಎಂಬ ಪುಟ್ಟ ದ್ವೀಪದಲ್ಲಿ ಜಿನೋವಾದವರು ಹವಳ ತೆಗೆಯುತ್ತಿದ್ದರು. ಆದರೆ ಜನಸಾಗರವೇ ಹರಿದುಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಹೆಚ್ಚಾಗಿ ಸಿಸಿಲಿಯಿಂದ, ಬಡತನ ತಾಳಲಾರದೆ. ಬೊನ್ ಭೂಶಿರಕ್ಕೂ ಸಿಸಿಲಿಗೂ ನಡುವೆ ಇರುವುದು ಸುಮಾರು 150 ಕಿಲೋಮೀಟರ್ ಕಡಲು. 1881ರಲ್ಲಿ ಫ್ರಾನ್ಸ್ ಟ್ಯುನೀಷಿಯಾವನ್ನು ತನ್ನ ರಕ್ಷಣೆಗೆ ಒಳಪಟ್ಟ ದೇಶವನ್ನಾಗಿ ಮಾಡಿಕೊಂಡಿತು, ಆದರೂ ಅಲ್ಲಿ ಫ್ರೆಂಚರಿಗಿಂತ ಇಟಲಿಯವರೇ ಹೆಚ್ಚಾಗಿದ್ದರು. 1926ರ ಜನಗಣತಿಯಲ್ಲಿಯೂ ಇಟಲಿಯವರು 89,216, ಫ್ರೆಂಚರು 71,020. ಆಳಿದವರು ಒಬ್ಬರು, ಪಕ್ಕದ ಮನೆಯಲ್ಲಿದ್ದವರು ಇನ್ನೊಬ್ಬರು. ಎಲೆಗಳ ಕಟ್ಟು ಫ್ರಾನ್ಸಿನ ಮಾದರಿಯದು, ಆಟ ಸಿಸಿಲಿಯದು ಎಂಬುದಕ್ಕೆ ಕಾರಣವನ್ನು ನಾನು ಇಲ್ಲಿಯೇ ಕಾಣುತ್ತೇನೆ. ಆಡಳಿತ ನಡೆಸಿದವರ ಸಂಗಡ ಸಾಮಗ್ರಿ ಬಂತು, ಓಣಿಯಲ್ಲಿ ಜೊತೆಗಿದ್ದವರಿಂದ ಆಟ ಬಂತು. ಪಕ್ಕದ ಲಿಬಿಯಾ 1911ರ ನಂತರ ಇಟಲಿಯ ಕೈಗೆ ಹೋದ ದೇಶ, ಅಲ್ಲಿಯೂ ಈ ಆಟವಿದೆ. ಸ್ಪೇನಿನ ನೆರಳಿನಲ್ಲಿದ್ದ ಮೊರಾಕ್ಕೊದಲ್ಲಾದರೋ ಜನ ಸ್ಪ್ಯಾನಿಷ್ ಎಲೆಗಳಲ್ಲಿ ರೋಂಡಾ ಎಂಬ ಬೇರೆಯೇ ಆಟ ಆಡುತ್ತಾರೆ.

ಟ್ಯುನಿಸ್ ಬಳಿಯ ಬಂದರು ಲಾ ಗುಲೆತ್‌ನಲ್ಲಿ ‘ಪುಟ್ಟ ಸಿಸಿಲಿ’ ಎಂಬ ಕೇರಿಯೇ ಇತ್ತು. ಅಲ್ಲಿ ಆಗಸ್ಟ್ 15ರಂದು ತ್ರಾಪಾನಿಯ ಮೇರಿಯಮ್ಮನ ಮೂರ್ತಿಯನ್ನು ಮೆರವಣಿಗೆಯಲ್ಲಿ ಕೊಂಡೊಯ್ಯುವಾಗ ಮುಸ್ಲಿಮರೂ ಯಹೂದಿಗಳೂ ಜೊತೆಗೆ ನಡೆಯುತ್ತಿದ್ದರು. ಹಾಗೆ ಕೂಡಿ ನಡೆದವರು ಸಂಜೆ ಕೂಡಿ ಎಲೆ ಹಿಡಿದರೆಂದರೆ ಅದರಲ್ಲಿ ಆಶ್ಚರ್ಯವೇನು? 1956ರಲ್ಲಿ ದೇಶ ಸ್ವತಂತ್ರವಾಯಿತು, 1964ರಲ್ಲಿ ವಿದೇಶಿಯರ ಜಮೀನುಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು, ಇಟಲಿಯವರಲ್ಲಿ ಹೆಚ್ಚಿನವರು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ಅವರು ಹೋದರೂ ಆಟ ಹೋಗಲಿಲ್ಲ. ಕಲಿಸಿದವರು ಊರು ಬಿಟ್ಟ ಮೇಲೂ ಇಷ್ಟು ದಶಕಗಳ ಕಾಲ, ಯಾರ ಒತ್ತಾಯವೂ ಇಲ್ಲದೆ, ಅಜ್ಜನಿಂದ ಮೊಮ್ಮಗನಿಗೆ ಬಂದಿರುವುದನ್ನು ಆ ನೆಲದ್ದೆಂದು ಕರೆಯದೆ ಮತ್ತೇನೆಂದು ಕರೆಯುವುದು?

ಮೂರನೆಯ ಮನೆ
ಆಡುವವರು ಟ್ಯುನೀಷಿಯಾದವರು ಎಂಬುದನ್ನು ನಾನು ಅಲ್ಲಗಳೆದಿಲ್ಲ. ಮೂಲದ ಪ್ರಶ್ನೆಯೇ ಬೇರೆ, ಒಡೆತನದ ಪ್ರಶ್ನೆಯೇ ಬೇರೆ. ಎರಡನ್ನೂ ಕಲಸಬೇಡಿ.

ಹಳೆಯ ಓಲೆ
ಮೂಲವೇ ಬೇಕೆಂದರೆ ಇಟಲಿಯಲ್ಲಿ ನಿಲ್ಲುವುದೇಕೆ? ಇನ್ನೂ ಹಿಂದಕ್ಕೆ ಹೋಗೋಣ. 1377ರಲ್ಲಿ ಫ್ಲಾರೆನ್ಸ್ ನಗರ ಎಲೆಯಾಟವನ್ನು ನಿರ್ಬಂಧಿಸಿದಾಗ ಅದನ್ನು ಕರೆದದ್ದು ‘ನಾಯಿಬ್ಬೆ’ ಎಂದು. ಅದು ಅರಬ್ಬಿಯ ‘ನಾಯಿಬ್’, ಎಂದರೆ ರಾಜಪ್ರತಿನಿಧಿ, ಎಂಬ ಪದದಿಂದ ಬಂದದ್ದು. ಇಂದಿಗೂ ಸ್ಪೇನಿನಲ್ಲಿ ಇಸ್ಪೀಟೆಲೆಗೆ ‘ನಾಯ್ಪೆ’ ಎಂದೇ ಹೆಸರು. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಈಜಿಪ್ಟಿನ ಮಮ್ಲೂಕ್ ಸುಲ್ತಾನರ ಕಾಲದ ಕೈಬರಹದ ಎಲೆಗಳಿವೆ. ಅವುಗಳಲ್ಲಿ ನಾಲ್ಕು ಜಾತಿ: ನಾಣ್ಯ, ಬಟ್ಟಲು, ಕತ್ತಿ, ಕುದುರೆ ಚೆಂಡಾಟದ ಕೋಲು. ಮನುಷ್ಯರ ಚಿತ್ರವಿಲ್ಲ, ರಾಜ, ನಾಯಿಬ್, ಎರಡನೆಯ ನಾಯಿಬ್ ಎಂಬ ಬರಹ ಮಾತ್ರ ಇದೆ. ಸಿಸಿಲಿಯ ಕಟ್ಟಿನಲ್ಲಿರುವುದೂ ನಾಣ್ಯ, ಬಟ್ಟಲು, ಕತ್ತಿ, ದೊಣ್ಣೆಗಳೇ. ಅರಬ್ಬಿ ಮಾತಾಡುವ ನಾಡಿನಿಂದ ಕಡಲು ದಾಟಿ ಇಟಲಿಗೆ ಹೋದ ಎಲೆಗಳು ಐದು ಶತಮಾನಗಳ ನಂತರ ಇಟಲಿಯವರ ಕೈಯಿಂದ ಅರಬ್ಬಿ ಮಾತಾಡುವ ಮತ್ತೊಂದು ನಾಡಿಗೆ ಬಂದಿವೆ. ಟ್ಯುನೀಷಿಯಾದವರು ಡೈಮನ್ ಜಾತಿಗೆ ‘ದಿನಾರಿ’ ಎನ್ನುತ್ತಾರೆ. ಇಟಲಿಯಲ್ಲಿ ಆ ನಾಣ್ಯದ ಜಾತಿಗೆ ‘ದೆನಾರಿ’ ಎನ್ನುತ್ತಾರೆ. ಈಗ ಹೇಳಿ, ಯಾರ ಮೂಲ ಯಾರಲ್ಲಿದೆ?

ಮೇಲಿನ ಎಲೆಗಳಿಗೂ ನಮಗೂ ಒಂದು ಎಳೆಯಿದೆ. ಆ ಮಮ್ಲೂಕ್ ಎಲೆಯೊಂದರ ಮೇಲೆ ‘ಕಂಜಿಫಾ’ ಎಂಬ ಪದವಿದೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅಷ್ಟೊಂದು ಆಸ್ಥೆಯಿಂದ ಬೆಳೆಸಿದ ಗಂಜೀಫಾ ಎಲೆಯಾಟದ ಹೆಸರೂ ಅದೇ.

ತುರುಫು ಇಪ್ಪತ್ತೆಂಟು
ನಮ್ಮ ‘ಕಳಾವರ’, ‘ಆಟೀನು’ ಎರಡೂ ಡಚ್ಚರಿಂದ ಬಂದ ಪದಗಳು. ನಮ್ಮ ಊರಿನ ಕಟ್ಟೆಯ ಮೇಲೆ ಇಪ್ಪತ್ತೆಂಟು ಆಡುವವರ ಹತ್ತಿರ ಹೋಗಿ ಇದು ಹಾಲೆಂಡಿನದೆಂದು ಹೇಳಿದರೆ ಯಾರು ಒಪ್ಪುತ್ತಾರೆ?

ಮೂರನೆಯ ಮನೆ
ಪದ ಬಂದ ಮಾತ್ರಕ್ಕೆ ಆಟ ಬಂತೆಂದಾಗುವುದಿಲ್ಲ. ಆದರೆ ನಾಯಿಬ್‌ನ ವಿಚಾರ ನನಗೆ ತಿಳಿದಿರಲಿಲ್ಲ, ‘ಹಳೆಯ ಓಲೆ’ಯವರಿಗೆ ಕೃತಜ್ಞತೆ. ನನ್ನ ಉಳಿದ ಸಂದೇಹ ಒಂದೇ: ಆಟದ ನಿಯಮಗಳಲ್ಲಿ ಟ್ಯುನೀಷಿಯಾದವರು ತಾವಾಗಿ ಮಾಡಿಕೊಂಡ ಬದಲಾವಣೆ ಏನಾದರೂ ಇದೆಯೇ?

ಲೆಕ್ಕದ ಮೇಷ್ಟ್ರು
ಇದೆ, ಅದು ಲೆಕ್ಕದಲ್ಲಿಯೇ ಇದೆ. ಶ್ಕೊಬ್ಬಾಗಳನ್ನು ಬಿಟ್ಟರೆ ಪ್ರತಿ ಹಂಚಿಕೆಯಲ್ಲಿ, ಅಂದರೆ 40 ಎಲೆಗಳೂ ಮುಗಿಯುವ ತನಕದ ಆಟದಲ್ಲಿ, ನಾಲ್ಕು ಅಂಕಗಳಿರುತ್ತವೆ. 20ಕ್ಕಿಂತ ಹೆಚ್ಚು ಎಲೆ ಎತ್ತಿದವರಿಗೆ ಒಂದು, ಅದನ್ನು ‘ಕಾರ್ತಾ’ ಎನ್ನುತ್ತಾರೆ. ಹತ್ತು ದಿನಾರಿಗಳಲ್ಲಿ ಆರು ಅಥವಾ ಹೆಚ್ಚು ಎತ್ತಿದವರಿಗೆ ಒಂದು. ದಿನಾರಿಯ ಏಳನ್ನು ಎತ್ತಿದವರಿಗೆ ಒಂದು. ಕೊನೆಯದು ‘ಬೆರ್ಮೀಲಾ’. ಇಟಲಿಯಲ್ಲಿ ಇದು ‘ಪ್ರಿಮಿಯೆರಾ’, ಮತ್ತು ಅದರ ಲೆಕ್ಕ ಬಹಳ ತೊಡಕಿನದು. ಪ್ರತಿ ಜಾತಿಯಿಂದ ಒಂದೊಂದು ಒಳ್ಳೆಯ ಎಲೆ ಆರಿಸಿ, ಏಳಕ್ಕೆ 21, ಆರಕ್ಕೆ 18, ಎಕ್ಕಕ್ಕೆ 16, ಐದಕ್ಕೆ 15 ಎಂದು ಕೂಡುತ್ತ ಹೋಗಬೇಕು. ಟ್ಯುನೀಷಿಯಾದವರು ಇದನ್ನೆಲ್ಲ ಬದಿಗಿಟ್ಟು, ಯಾರ ಬಳಿ ಏಳುಗಳು ಹೆಚ್ಚಿವೆಯೋ ಅವರಿಗೆ ಅಂಕ, ಏಳುಗಳು ಎರಡೆರಡಾದರೆ ಆರುಗಳನ್ನು ನೋಡಿ ಎಂದು ಸರಳ ಮಾಡಿದ್ದಾರೆ. ಕಾಫಿ ಅಂಗಡಿಯ ಗದ್ದಲದಲ್ಲಿ ಕಾಗದ, ಪೆನ್ಸಿಲ್ ಇಲ್ಲದೆ ಆಡುವವರಿಗೆ ಇದಕ್ಕಿಂತ ಒಳ್ಳೆಯ ತಿದ್ದುಪಡಿ ಬೇರೆ ಇರಲಾರದು.

ಶರಾವತಿ
ಹೆಸರಿನಲ್ಲಿಯೂ ತಿದ್ದುಪಡಿಯಿದೆ. ‘ಬೆರ್ಮೀಲಾ’ ಎಂದರೆ ಅವರ ಮಾತಿನಲ್ಲಿ ಪೀಪಾಯಿ. ಅರ್ಥ ತಿಳಿಯದ ಪರಭಾಷೆಯ ಪದವನ್ನು ತಮಗೆ ಗೊತ್ತಿದ್ದ ಪದದ ಅಚ್ಚಿಗೆ ಹಾಕಿಕೊಂಡಿದ್ದಾರೆ. ಇನ್ನು ದಿನಾರಿಯ ಏಳನ್ನು ಇಟಲಿಯವರು ‘ಸೆತ್ತೆಬೆಲ್ಲೊ’, ಚೆಲುವಿನ ಏಳು, ಎನ್ನುತ್ತಾರೆ. ಟ್ಯುನೀಷಿಯಾದವರಿಗೆ ಅದು ‘ಸಬ್ಆ ಎಲ್ ಹಯ್ಯಾ’, ಜೀವಂತ ಏಳು. ಚೆಲುವನ್ನು ಬಿಟ್ಟು ಜೀವವನ್ನು ಹಿಡಿದ ಈ ಹೆಸರನ್ನು ಕೇಳಿದಾಗಿನಿಂದ ನನಗೆ ಆ ಎಲೆಯ ಮೇಲೆ ಪ್ರೀತಿ ಹುಟ್ಟಿದೆ.

ನಾನು ಇದನ್ನು ಕಲಿತದ್ದು ಪ್ಯಾರಿಸ್‌ನಲ್ಲಿ, ಮೇಲಿನ ಮನೆಯಲ್ಲಿದ್ದ ಟ್ಯುನೀಷಿಯಾದ ಅಮ್ಮನೊಬ್ಬರಿಂದ. ಇಲ್ಲಿಯ ತನಕ ಎಲ್ಲರೂ ಕಾಫಿ ಅಂಗಡಿಯ ಗಂಡಸರ ಆಟವನ್ನೇ ಹೇಳಿದ್ದೀರಿ. ಆ ಅಮ್ಮ ಅಂಥ ಅಂಗಡಿಯ ಹೊಸ್ತಿಲನ್ನೂ ತುಳಿದವರಲ್ಲ, ಆದರೂ ಅವರ ಕೈಯಿಂದ ಒಂದು ಏಳನ್ನು ಕಸಿಯುವುದು ಯಾರಿಂದಲೂ ಸಾಧ್ಯವಿರಲಿಲ್ಲ. ರಂಜಾನಿನ ರಾತ್ರಿಗಳಲ್ಲಿ ಅಡಿಗೆಮನೆ ಒಪ್ಪಮಾಡಿ, ಪೈನ್ ಬೀಜ ತೇಲಿಸಿದ ಚಹಾ ಮುಂದಿಟ್ಟುಕೊಂಡು, ಹೆಣ್ಣುಮಕ್ಕಳನ್ನೂ ಮೊಮ್ಮಕ್ಕಳನ್ನೂ ಕೂರಿಸಿಕೊಂಡು ಆಡುತ್ತಿದ್ದರು. ಎಲೆಯನ್ನು ಬಡಿಯುತ್ತಿರಲಿಲ್ಲ. ಎರಡು ಬೆರಳಿನಲ್ಲಿ ಹಿಡಿದು, ಎದುರಿನವರ ಎಲೆಯ ಮೇಲೆ ಮೆಲ್ಲಗೆ ಇಟ್ಟು, ತಮ್ಮ ಕಡೆಗೆ ಜಾರಿಸಿಕೊಳ್ಳುತ್ತಿದ್ದರು.

ತುರುಫು ಇಪ್ಪತ್ತೆಂಟು
ಸೆತ್ತೆಬೆಲ್ಲೊ ಎಂಬ ಹೆಸರಿನ ರೈಲೊಂದು ಮಿಲಾನ್ ಮತ್ತು ರೋಮ್ ನಡುವೆ 1950ರ ದಶಕದಲ್ಲಿ ಓಡತೊಡಗಿತು. ಇಟಲಿಯ ವಾಟರ್ ಪೋಲೊ ತಂಡಕ್ಕೂ ಅದೇ ಹೆಸರು.

ಕಡಲಂಚು
ಎಲ್ಲರ ಮಾತುಗಳನ್ನೂ ಓದಿದೆ, ಕೆಲವನ್ನು ಎರಡು ಸಲ ಓದಿದೆ. ನಿನ್ನೆ ಸಂಜೆ ಆ ಹಿರಿಯರ ಪಕ್ಕದಲ್ಲಿ ಕುಳಿತು, ಮೊದಲು ನನ್ನ ಹಿಂದಿನ ಮಾತಿಗೆ ಕ್ಷಮೆ ಕೇಳಿದೆ. ಆಮೇಲೆ, ಸಿಸಿಲಿಯಲ್ಲಿ ಎಂಟರ ಎಲೆಗೆ ಹೆಂಗಸು ಎನ್ನುತ್ತಾರಂತೆ, ಅದಕ್ಕೇ ನಿಮ್ಮ ಮುಜೀರಾ ಕವಾಲ್‌ಗಿಂತ ಕೆಳಗಿರುವುದಂತೆ ಎಂದು ವಿವರಿಸಿದೆ. ಅವರು ಕಟ್ಟಿನಿಂದ ಒಬ್ಬ ಗುಲಾಮನನ್ನು ಆರಿಸಿ ತೆಗೆದು, ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. “ಅರವತ್ತು ವರ್ಷದಿಂದ ಇವನನ್ನು ಕುದುರೆ ಎಂದು ಕರೆಯುತ್ತಿದ್ದೇನೆ, ಕುದುರೆ ಎಲ್ಲಿದೆ ಎಂದು ಒಮ್ಮೆಯೂ ಹುಡುಕಲಿಲ್ಲ” ಎಂದರು. ಅವರ ಬಾಲ್ಯದಲ್ಲಿ ಬಂದರಿನ ಹತ್ತಿರ ಇಟಲಿಯವನೊಬ್ಬ ದೋಣಿ ರಿಪೇರಿ ಮಾಡುತ್ತಿದ್ದನಂತೆ, ಅಜ್ಜ ಅವನ ಜೊತೆಗೇ ಎಲೆ ಆಡುತ್ತಿದ್ದನಂತೆ. ಆ ನೆನಪು ಅವರಿಗೆ ನಿನ್ನೆಯ ತನಕ ಬಂದಿರಲಿಲ್ಲ. ನಮ್ಮ ಕಡೆ ಕ್ಲಬ್ಬಿನ ಎಲೆಗೆ ಏನೆನ್ನುತ್ತೀರಿ ಎಂದು ಕೇಳಿದರು, ‘ಕಳಾವರ’ ಎಂದು ಹೇಳಿಕೊಟ್ಟೆ.

ಮೂರನೆಯ ಮನೆ
ಆ ದೋಣಿ ರಿಪೇರಿಯವನ ವಿಚಾರವನ್ನು ಸಾಧ್ಯವಾದಷ್ಟು ಕೇಳಿ ಬರೆದಿಟ್ಟುಕೊಳ್ಳಿ. ಅವನ ಊರು ಯಾವುದು, ಅವರು ಯಾವ ಎಲೆಗಳಲ್ಲಿ ಆಡುತ್ತಿದ್ದರು, ಎಲ್ಲವನ್ನೂ ಕೇಳಿ. ನಾನು ಮೊದಲು ಬರೆದ ಸಾಲುಗಳಲ್ಲಿದ್ದ ಬಿರುಸನ್ನು ಹಿಂದಕ್ಕೆ ಪಡೆಯುತ್ತೇನೆ.

ಲೆಕ್ಕದ ಮೇಷ್ಟ್ರು
ನಿನ್ನೆಯ ಆಟ ಏನಾಯಿತು? ರಾಜನನ್ನು ಇಳಿಸಿದಿರಾ?

ಕಡಲಂಚು
ಇಳಿಸಿದೆ, ಎರಡು ಸಲ. ಆದರೂ 21ಕ್ಕೆ 17ರಿಂದ ಅವರೇ ಗೆದ್ದರು, ಇಲ್ಲಿಯ ರೂಢಿಯಂತೆ ಸೋತ ನಾನು ಇಬ್ಬರ ಕಾಫಿಯ ಹಣ ಕೊಟ್ಟೆ. ಜೀವಂತ ಏಳು ಮಾತ್ರ ಮೂರು ಹಂಚಿಕೆಗಳಲ್ಲಿ ನನ್ನ ಪಾಲಿಗೆ ಬಂತು.